ಕಡಿಮೆ ಖರ್ಚಿನಲ್ಲಿ ಚಳಿಗಾಲಕ್ಕೆ ಮನೆ ಸಜ್ಜು: ಕೌದಿಯಿಂದ ಗೀಸರ್‌ವರೆಗೆ

ಬೀದರ್, ಕಲಬುರಗಿ, ವಿಜಯಪುರ, ಧಾರವಾಡ ಕಡೆಯ ಮನೆಗಳನ್ನು ಕಟ್ಟಿರುವುದೇ ಬೇಸಿಗೆ ತಡೆಯಲಿಕ್ಕೆ. ಎತ್ತರದ ಸೂರು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ, ಕಾಲಡಿ ಶಹಾಬಾದ್ ಫರಸಿ. ಏಪ್ರಿಲ್‌ನಲ್ಲಿ ಜೀವ ತಂಪು ಮಾಡುವ ಈ ಏರ್ಪಾಡೇ ಡಿಸೆಂಬರ್ ಬಂತೆಂದರೆ ಮೈ ನಡುಗಿಸುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಬೀದರ್, ವಿಜಯಪುರದಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮಧ್ಯಾಹ್ನವಾದರೆ ಅಂಗಿ ಬಿಚ್ಚಿ ಕೂರುವಷ್ಟು ಬಿಸಿಲು. ಅಂದರೆ ನಮ್ಮ ಚಳಿ ರಾತ್ರಿ ಹತ್ತರಿಂದ ಬೆಳಗಿನ ಎಂಟರ ತನಕದ್ದು. ಆ ಹತ್ತು ತಾಸಿಗಾಗಿ ಇಡೀ ಕೋಣೆ ಕಾಯಿಸಲು ಹೊರಟರೆ ದುಡ್ಡೆಲ್ಲ ಗವಾಕ್ಷಿಯಿಂದ ಆಚೆ ಹೋಗುತ್ತದೆ. ಬೆಚ್ಚಗಾಗಬೇಕಾದದ್ದು ಎರಡೇ: ಮಲಗುವ ಹಾಸಿಗೆ, ಮೀಯುವ ನೀರು.

ಲೆಕ್ಕ ನೋಡಿ. 2000 ವ್ಯಾಟ್‌ನ ರೂಮ್ ಹೀಟರ್ ರಾತ್ರಿ ನಾಲ್ಕು ತಾಸು ಉರಿದರೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಉಚಿತ ಯೂನಿಟ್ ನಿಗದಿಯಾಗಿರುವುದು 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಬಿಲ್ಲು, ತಿಂಗಳ ಬಳಕೆ 200 ಯೂನಿಟ್ ದಾಟಿತೋ ಪೂರ್ತಿ ಬಿಲ್ಲು ಕಟ್ಟಬೇಕು. ಒಂದು ಹೀಟರ್ ಸಾಕು, ಸೊನ್ನೆ ಬಿಲ್ಲಿನ ಮನೆ ಸಾವಿರಾರು ರೂಪಾಯಿಗೆ ಬಂದು ನಿಲ್ಲಲು. ಆ ದುಡ್ಡಿನಲ್ಲಿ ಮನೆಮಂದಿಗೆಲ್ಲ ಹೊದಿಕೆ ಆಗುತ್ತದೆ, ಮತ್ತು ಅವು ಹತ್ತು ವರ್ಷ ಬಾಳುತ್ತವೆ.

ಯಾವಾಗ ಶುರು ಮಾಡಬೇಕು

ದಸರಾ ಮುಗಿದ ಮಾರನೆಯ ವಾರ. ಮಳೆ ನಿಂತು ಬಿಸಿಲಿಗೆ ಮತ್ತೆ ಕಸುವು ಬಂದಿರುತ್ತದೆ, ಹಾಸಿಗೆ-ಹೊದಿಕೆ ಒಣಗಿಸಲು ಅದೇ ತಕ್ಕ ಕಾಲ. ಮೂರು ತಿಂಗಳ ಮಳೆಯಲ್ಲಿ ಗಾದಿಯ ಹತ್ತಿ ತೇವ ಹೀರಿಕೊಂಡು ಕುಳಿತಿರುತ್ತದೆ. ಒದ್ದೆ ಹತ್ತಿಯಲ್ಲಿ ಗಾಳಿ ನಿಲ್ಲದು, ಗಾಳಿ ನಿಲ್ಲದ ಹಾಸಿಗೆ ಬೆಚ್ಚಗಿರದು. ಗಾದಿ, ದಿಂಬು, ಕೌದಿ, ಕಂಬಳಿ ಎಲ್ಲವನ್ನೂ ಮಾಳಿಗೆ ಮೇಲೆ ಎರಡು ದಿನ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಹಾಕಿ. ಮಧ್ಯಾಹ್ನ ಒಮ್ಮೆ ಮಗುಚಿ, ಕೋಲಿನಿಂದ ಬಡಿದು ಧೂಳು ತೆಗೆಯಿರಿ. ನಾಲ್ಕು ಗಂಟೆಯೊಳಗೆ ಒಳಗೆ ತರಬೇಕು. ಸಂಜೆಯ ತನಕ ಬಿಟ್ಟರೆ ಇಬ್ಬನಿ ಮತ್ತೆ ಇಳಿಯುತ್ತದೆ, ಇಡೀ ದಿನದ ಕೆಲಸ ವ್ಯರ್ಥ.

ಕೌದಿ ಹೊಲಿಯುವುದಾದರೆ ಆಗಲೇ ಕೈ ಹಾಕಬೇಕು, ದೀಪಾವಳಿ ದಾಟಿದ ಮೇಲೆ ಮುಗಿಯುವುದಿಲ್ಲ. ಗೀಸರ್ ರಿಪೇರಿಯವರೂ ಗಾದಿ ಹಿಂಜುವವರೂ ನವೆಂಬರ್ ಕೊನೆಯ ಹೊತ್ತಿಗೆ ಕೈಗೆ ಸಿಗುವುದಿಲ್ಲ, ಸಿಕ್ಕರೂ ಹೇಳಿದ್ದೇ ದರ.

ಮೊದಲು ಕೆಳಗೆ ಹಾಸಿ, ಆಮೇಲೆ ಮೇಲೆ ಹೊದಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಮೇಲೆ ಮೂರು ಹೊದಿಕೆ ಹಾಕಿಕೊಂಡು ಕೆಳಗೆ ತೆಳು ಚಾಪೆ ಹಾಸಿ ಮಲಗುತ್ತಾರೆ, ಬೆಳಗಾಗುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಫರಸಿ, ಗ್ರಾನೈಟ್, ಟೈಲ್ಸ್ ಮೂರೂ ಮೈಶಾಖವನ್ನು ರಾತ್ರಿಯಿಡೀ ಎಳೆಯುತ್ತಲೇ ಇರುತ್ತವೆ. ಮೇಲಿನ ಹೊದಿಕೆ ಉಬ್ಬಿಕೊಂಡು ಗಾಳಿ ಹಿಡಿದಿಡುತ್ತದೆ, ಕೆಳಗಿನದು ಮೈಭಾರಕ್ಕೆ ಚಪ್ಪಟೆಯಾಗುತ್ತದೆ. ಅದಕ್ಕೇ ಕೆಳಗಡೆ ಹೆಚ್ಚು ಪದರ ಬೇಕು.

ನೆಲದ ಮೇಲೆ ಮಲಗುವವರಿಗೆ ಹೀಗೆ ಹಾಸಿ: ಎಲ್ಲಕ್ಕೂ ಕೆಳಗೆ ಒಣಗಿದ ಗೋಣಿಚೀಲ ಎರಡು ಪದರ (ಬಿಚ್ಚಿ ಹರಡಿದ ರಟ್ಟಿನ ಪೆಟ್ಟಿಗೆಯೂ ಆದೀತು), ಅದರ ಮೇಲೆ ಚಾಪೆ, ಮೇಲೆ ಗಾದಿ ಅಥವಾ ಎರಡು ಮಡಿಕೆಯ ಹಳೆ ಕೌದಿ, ಕೊನೆಗೆ ದಪ್ಪ ಹತ್ತಿಯ ಹಾಸು. ಮನೆಯಲ್ಲಿ ಜಮಖಾನ ಇದ್ದರೆ ಅದನ್ನು ಪೆಟ್ಟಿಗೆಯಲ್ಲಿ ಅಡಗಿಸಿಡದೆ ಗಾದಿಯ ಕೆಳಗೆ ಹಾಸಿ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ. ಮೈಯ ಬೆವರಾವಿ ಅದರ ಮೇಲೆ ನಿಂತು ವಾರದೊಳಗೆ ಗಾದಿಯ ಅಡಿ ಬೂಸರು ಹಿಡಿಯುತ್ತದೆ. ಗೋಣಿ, ರಟ್ಟನ್ನೂ ವಾರಕ್ಕೊಮ್ಮೆ ಎತ್ತಿ ಬಿಸಿಲಿಗಿಡಿ.

ಗಾದಿಯ ಹತ್ತಿ ಗಂಟು ಕಟ್ಟಿದ್ದರೆ ಹೊಸ ಗಾದಿ ಕೊಳ್ಳಬೇಕಿಲ್ಲ. ಇದ್ದ ಹತ್ತಿಯನ್ನೇ ಹಿಂಜಿಸಿ ಹೊಸ ಖೋಳಿಗೆ ತುಂಬಿಸಿದರೆ ಹೊಸದರಷ್ಟೇ ಬೆಚ್ಚಗಾಗುತ್ತದೆ. ಹಿಂಜಲು ಕೊಡುವ ಮುನ್ನ ಗಾದಿ ತೂಗಿಡಿ, ವಾಪಸು ಬಂದಾಗ ಮತ್ತೊಮ್ಮೆ ತೂಗಿ. ಧೂಳು, ಪುಡಿ ಹೋಗಿ ಸ್ವಲ್ಪ ಇಳಿಯುವುದು ಸಹಜ. ಕಿಲೋಗಟ್ಟಲೆ ಇಳಿದರೆ ಹತ್ತಿ ಬೇರೆಲ್ಲೋ ಹೋಗಿದೆ ಎಂದೇ ಲೆಕ್ಕ.

ಕೌದಿ: ಅಳತೆ, ಬಟ್ಟೆ, ದಾರ

ದೊಡ್ಡವರೊಬ್ಬರಿಗೆ 2.1 ಮೀಟರ್ ಉದ್ದ, 1.5 ಮೀಟರ್ ಅಗಲದ ಕೌದಿ ಸಾಕು. ಐದು ಪದರ ಇರಬೇಕು. ಮೂರಾದರೆ ಡಿಸೆಂಬರ್‌ಗೆ ಸಾಲದು, ಏಳಾದರೆ ಸೂಜಿ ಇಳಿಯದು, ಒಗೆಯಲೂ ಆಗದು.

ಹೊರಗಿನ ಎರಡು ಪದರಕ್ಕೆ ಸವೆದ ಸಿಂಗಲ್ ಬೆಡ್‌ಶೀಟ್ ಎರಡು. ಒಳಗಿನ ಮೂರಕ್ಕೆ ಹಳೆ ಹತ್ತಿ ಸೀರೆ ಎರಡು. ಐದೂವರೆ ಮೀಟರ್ ಸೀರೆಯನ್ನು ಒಂದೂವರೆ ಮೀಟರ್‌ಗೆ ಒಂದರಂತೆ ಕತ್ತರಿಸಿದರೆ ಮೂರು ತುಂಡು, ಜತೆಗೆ ಒಂದು ಮೀಟರ್ ಉಳಿಕೆ. ಎರಡು ತುಂಡನ್ನು ಪಕ್ಕಪಕ್ಕ ಇಟ್ಟರೆ ಒಂದು ಪದರ ತುಂಬುತ್ತದೆ. ಎರಡು ಸೀರೆಯಿಂದ ಆರು ತುಂಡು, ಅಲ್ಲಿಗೆ ಮೂರು ಪದರ. ಉಳಿದ ತುಂಡುಗಳನ್ನು ಭುಜ ಮತ್ತು ಪಾದ ಬರುವ ಕಡೆ ಒಳಗೆ ಹೆಚ್ಚುವರಿಯಾಗಿ ಇಟ್ಟರೆ ಅಲ್ಲೇ ದಪ್ಪ ಸಿಗುತ್ತದೆ. ಪದರದಿಂದ ಪದರಕ್ಕೆ ಜೋಡಣೆಯ ಗೆರೆ ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ, ಇಲ್ಲವಾದರೆ ಆ ಗೆರೆಯುದ್ದಕ್ಕೂ ಚಳಿ ನುಗ್ಗುತ್ತದೆ, ಕೌದಿ ಮೊದಲು ಹರಿಯುವುದೂ ಅಲ್ಲೇ. ಮಕ್ಕಳ ಕೌದಿಗೆ ಒಂದೇ ಸೀರೆ ಸಾಕು. ಉದ್ದಕ್ಕೆ ನಾಲ್ಕು ಮಡಿಕೆ ಮಡಚಿದರೆ 1.37 ಮೀಟರ್ ಉದ್ದ, 1.1 ಮೀಟರ್ ಅಗಲದ ನಾಲ್ಕು ಪದರ ಕತ್ತರಿ ತಾಗಿಸದೆ ಸಿಗುತ್ತದೆ.

ಪಾಲಿಸ್ಟರ್, ನೈಲಾನ್, ಶಿಫಾನ್ ಸೀರೆ ಒಳಗಿಡಬೇಡಿ. ಅವು ಜಾರುತ್ತವೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಎಲ್ಲ ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆದು ಒಣಗಿಸಿಯೇ ಕತ್ತರಿ ಹಾಕಿ. ಬಣ್ಣ ಬಿಡುವುದು, ಸುಕ್ಕುವುದು ಏನಿದ್ದರೂ ಆಗಲೇ ಆಗಿಹೋಗಲಿ. ಕೈಯಲ್ಲಿ ಎಳೆದರೆ ಪರ್ರನೆ ಹರಿಯುವಷ್ಟು ಸವೆದ ಭಾಗ ಒಳಪದರಕ್ಕೆ ಆದೀತು, ಹೊರಗೆ ಬೇಡ.

ದಾರ ಹತ್ತಿಯದೇ, ದಪ್ಪದ್ದು, ಎರಡೆಳೆ. ಸಾಲಿಂದ ಸಾಲಿಗೆ 3 ಸೆಂಟಿಮೀಟರ್, ಅಂದರೆ ಎರಡು ಬೆರಳಗಲ. ಈ ಅಳತೆಯ ಕೌದಿಗೆ ಐವತ್ತು ಸಾಲು, ಸುಮಾರು 105 ಮೀಟರ್ ಹೊಲಿಗೆ. ಎರಡೆಳೆ ಲೆಕ್ಕದಲ್ಲಿ, ಗಂಟು-ತುದಿ ಸೇರಿಸಿ 250 ಮೀಟರ್ ದಾರ ಒಟ್ಟಿಗೇ ತಂದಿಡಿ. ನಡುವೆ ಮುಗಿದು ಬೇರೆ ಕಡೆಯಿಂದ ತಂದ ದಾರ ಬೇರೆ ದಪ್ಪದ್ದಾದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ಹೊಲಿಯುವ ಮುನ್ನ ನೆಲ ಗುಡಿಸಿ, ಪದರಗಳನ್ನು ಹಾಸಿ, ನಾಲ್ಕು ಮೂಲೆಗೂ ಭಾರ ಇಡಿ. ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿದರೆ ಸುಕ್ಕು ಹೊರಗೆ ಹೋಗುತ್ತದೆ. ಆಮೇಲೆ ಒಂದೊಂದು ಅಡಿಗೆ ಅಡ್ಡ-ಉದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟು ನೇರ ಹೊಲಿಯಲು ಕುಳಿತರೆ ಹತ್ತನೇ ಸಾಲಿಗೆ ಕೆಳಗಿನ ಬಟ್ಟೆ ಒಂದು ಗೇಣು ಸರಿದಿರುತ್ತದೆ. ಅಂಚನ್ನು ಒಳಮಡಿಸಿ ಒಂದು ಮೂಲೆಯಿಂದ ಹೊರಟು, ಅಂಚಿನಗುಂಟ ಸುತ್ತು ಹಾಕುತ್ತ ಒಳಗೆ ಬನ್ನಿ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದೂ ಹೀಗೆಯೇ. ಅಂಚು ಮೊದಲು ಭದ್ರವಾಗುವುದರಿಂದ ಪದರ ಸರಿಯುವುದಿಲ್ಲ, ಇಬ್ಬರು ಮೂವರು ಎದುರು-ಬದುರು ಕೂತೂ ಹೊಲಿಯಬಹುದು. ದಾರವನ್ನು ಎಳೆದು ಬಿಗಿ ಮಾಡಬೇಡಿ. ಹೊಲಿಗೆಯ ನಡುವೆ ಬಟ್ಟೆ ತುಸು ಉಬ್ಬಿ ನಿಂತರೆ ಬಿಗಿ ಸರಿಯಾಗಿದೆ ಎಂದರ್ಥ. ಆ ಉಬ್ಬಿನಲ್ಲಿರುವ ಗಾಳಿಯೇ ನಿಮ್ಮನ್ನು ಬೆಚ್ಚಗಿಡುವುದು.

ದಿನಕ್ಕೆ ಎರಡು ತಾಸು ಕೂತರೂ ಒಬ್ಬರಿಗೆ ಎರಡು-ಮೂರು ವಾರದ ಕೆಲಸ. ಮನೆಯ ಹೊಲಿಗೆ ಯಂತ್ರ ಮೂರು ಪದರ ಎಳೆಯುತ್ತದೆ, 16 ಅಥವಾ 18 ನಂಬರ್ ಸೂಜಿ ಹಾಕಿದರೆ. ಐದು ಪದರಕ್ಕೆ ಸೂಜಿ ಮುರಿಯುತ್ತದೆ. ಕೂಲಿಗೆ ಹೊಲಿಸುವುದಾದರೆ ಬಟ್ಟೆ, ದಾರ ನೀವೇ ಕೊಡಿ, ಸಾಲಿನ ಅಂತರ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ. ಕೂಲಿ ನಿಂತಿರುವುದೇ ಸಾಲಿನ ಲೆಕ್ಕದ ಮೇಲೆ.

ಕಂಬಳಿ ಕೊಳ್ಳುವಾಗ

ಚಳ್ಳಕೆರೆ ಕಡೆಯ ಕುರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಹೊಸದು ಬಿರುಸಾಗಿ ಚುಚ್ಚುತ್ತದೆ, ಬಳಸುತ್ತ ಹೋದಂತೆ ಹದಕ್ಕೆ ಬರುತ್ತದೆ. ದುಬಾರಿ ನಿಜ, ಆದರೆ ಮನೆಗೆ ಒಂದಿದ್ದರೂ ವಯಸ್ಸಾದವರಿಗೆ ಆಸರೆ. ಉಣ್ಣೆಯೋ ಅಲ್ಲವೋ ಎಂದು ನೋಡಲು ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಉಣ್ಣೆಯ ಬೆಲೆಗೆ ಕೊಳ್ಳಬಾರದು ಅಷ್ಟೇ.

ಹೊದಿಯುವ ಕ್ರಮ: ಮೈಗೆ ತಾಗುವಂತೆ ತೆಳು ಹತ್ತಿ ಚಾದರ, ಅದರ ಮೇಲೆ ಕೌದಿ, ಎಲ್ಲಕ್ಕೂ ಮೇಲೆ ಕಂಬಳಿ. ಪಾದದ ಕಡೆ ಹೊದಿಕೆಯನ್ನು ಗಾದಿಯ ಕೆಳಗೆ ಒಂದು ಗೇಣು ತುರುಕಿ. ಸೊಳ್ಳೆಪರದೆಯನ್ನೂ ಚಳಿಗಾಲಕ್ಕೆಂದು ಬಿಚ್ಚಬೇಡಿ, ಗಾಳಿಯ ಬೀಸನ್ನು ಅದು ಮುರಿಯುತ್ತದೆ.

ಗಾಳಿ ನುಗ್ಗುವ ಜಾಗ

ರಾತ್ರಿ ಒಂಬತ್ತಕ್ಕೆ ಊದಿನಕಡ್ಡಿ ಹಚ್ಚಿ, ಮುಚ್ಚಿದ ಬಾಗಿಲು-ಕಿಟಕಿಯ ಅಂಚಿನಗುಂಟ ನಿಧಾನ ಹಿಡಿದು ನಡೆಯಿರಿ. ಹೊಗೆ ಅಡ್ಡ ಹಾರಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹೆಚ್ಚಿನ ಮನೆಗಳಲ್ಲಿ ದೊಡ್ಡ ಕಳ್ಳದಾರಿ ಬಾಗಿಲ ಬುಡದ ಸಂದು.

ಅದಕ್ಕೆ ಮರಳಿನ ಉರುಳೆ ಮಾಡಿ. ಹಳೆ ಪ್ಯಾಂಟಿನ ದಪ್ಪ ಬಟ್ಟೆಯಿಂದ 20 ಸೆಂಟಿಮೀಟರ್ ಅಗಲ, ಬಾಗಿಲಿಗಿಂತ 10 ಸೆಂಟಿಮೀಟರ್ ಹೆಚ್ಚು ಉದ್ದದ ಪಟ್ಟಿ ಕತ್ತರಿಸಿ ಕೊಳವೆಯಂತೆ ಹೊಲಿಯಿರಿ. ಎರಡು ಕಿಲೋ ಒಣ ಮರಳು, ಉಳಿದದ್ದಕ್ಕೆ ಮರದ ಹೊಟ್ಟು. ಬರೀ ಹೊಟ್ಟು ತುಂಬಿದರೆ ಗಾಳಿಗೆ ಸರಿಯುತ್ತದೆ, ಬರೀ ಮರಳಾದರೆ ಕಾಲಲ್ಲಿ ತಳ್ಳಲಾಗದು. ಕಬ್ಬಿಣದ ಚೌಕಟ್ಟಿನ ಕಿಟಕಿಗೆ ಅಂಗಡಿಯಲ್ಲಿ ಸಿಗುವ ಫೋಮ್ ಟೇಪ್ ಒಳ್ಳೆಯದು, ಆದರೆ ಚೌಕಟ್ಟಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಿ. ಇಲ್ಲದಿದ್ದರೆ ಮೂರೇ ದಿನಕ್ಕೆ ಜೋತುಬೀಳುತ್ತದೆ. ದುಡ್ಡಿಲ್ಲವೆಂದರೆ ಪೇಪರ್ ಮಡಚಿ ಸಂದಿಗೆ ತುರುಕಿದರೂ ನಡೆಯುತ್ತದೆ.

ಹೊತ್ತಿನ ಲೆಕ್ಕವೂ ಮುಖ್ಯ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ದಕ್ಷಿಣ, ಪಶ್ಚಿಮದ ಕಿಟಕಿ ತೆರೆದು ಬಿಸಿಲು ಒಳಗೆ ಬಿಡಿ. ಐದಕ್ಕೆ ಎಲ್ಲ ಮುಚ್ಚಿ. ಏಳಕ್ಕೆ ಮುಚ್ಚಿದರೆ ಮುಚ್ಚಿದ್ದು ಚಳಿಯನ್ನೇ. ಮಣ್ಣಿನ ಮಾಳಿಗೆ ಮನೆಯವರಿಗೆ ಈ ತಾಪತ್ರಯ ಕಡಿಮೆ, ಗೇಣುದ್ದದ ಮಣ್ಣು ಹಗಲಿನ ಶಾಖವನ್ನು ರಾತ್ರಿಗೆ ಕೊಡುತ್ತದೆ. ತಗಡಿನ ಮನೆಯಾದರೆ ಚಳಿ ಇಳಿಯುವುದು ನೇರ ಮೇಲಿಂದ. ತಗಡಿಗೂ ಹಾಸಿಗೆಗೂ ನಡುವೆ, ತಗಡಿನಿಂದ ಒಂದು ಗೇಣು ಕೆಳಗೆ, ಹೊಲಿದು ಜೋಡಿಸಿದ ಗೋಣಿಚೀಲ ಅಥವಾ ಚಾಪೆಯ ಮೇಲ್ಕಟ್ಟು ಕಟ್ಟಿ. ಒಲೆಯ ಮೇಲೆ, ಬಲ್ಬಿನ ಹತ್ತಿರ ಅದು ಬರಬಾರದು.

ಅಡುಗೆಮನೆ, ಬಚ್ಚಲುಮನೆಯ ಗವಾಕ್ಷಿ ಮುಚ್ಚಲೇಬೇಡಿ. ಮಲಗುವ ಕೋಣೆಯಲ್ಲೂ ಮೇಲಿನ ಒಂದು ಕಿಂಡಿ ತೆರೆದಿರಲಿ.

ಬಿಸಿನೀರಿನ ಲೆಕ್ಕ

ಚಳಿಗಾಲದ ಖರ್ಚು ಸೋರುವುದು ಇಲ್ಲಿ. ಒಬ್ಬರಿಗೆ 15 ಲೀಟರ್‌ನ ಒಂದು ಬಕೆಟ್ ಎಂದಿಟ್ಟುಕೊಳ್ಳಿ. ಬೆಳಗಿನ ತೊಟ್ಟಿ ನೀರು 18 ಡಿಗ್ರಿ ಇದ್ದು, 42ಕ್ಕೆ ಕಾಯಿಸಲು 0.42 ಯೂನಿಟ್ ಬೇಕು. ಐದು ಜನರಿಗೆ ದಿನಕ್ಕೆ 2.1, ತಿಂಗಳಿಗೆ 63 ಯೂನಿಟ್. ಇದು ಕಡಿಮೆಯೆಂದರೂ ಬೇಕಾದದ್ದು, ಗೀಸರ್ ದಿನವಿಡೀ ಉರಿದರೆ ಇದಕ್ಕಿಂತ ಬಹಳ ಮೇಲೆ ಹೋಗುತ್ತದೆ.

ಬಿಡಿಗಾಸು ಖರ್ಚಿಲ್ಲದೆ ಇದರಲ್ಲಿ ಐದನೇ ಒಂದು ಪಾಲು ಉಳಿಸಬಹುದು. ಮಾಳಿಗೆ ಮೇಲಿನ ಕಪ್ಪು ತೊಟ್ಟಿಯ ನೀರು ಮಧ್ಯಾಹ್ನ ಮೂರರ ಹೊತ್ತಿಗೆ ಬೆಚ್ಚಗಿರುತ್ತದೆ, ರಾತ್ರಿಯಿಡೀ ಆಕಾಶಕ್ಕೆ ಶಾಖ ಬಿಟ್ಟು ಬೆಳಿಗ್ಗೆ ಕೊರೆಯುತ್ತದೆ. ಆದ್ದರಿಂದ ಮಾರನೆಯ ದಿನದ ಸ್ನಾನದ ನೀರನ್ನು ಮಧ್ಯಾಹ್ನವೇ ಕೊಡ, ಬಕೆಟ್, ಹಂಡೆಗೆ ತುಂಬಿ ಒಳಗೆ ಮುಚ್ಚಿಡಿ. ಬೆಳಿಗ್ಗೆ ಅದು ತೊಟ್ಟಿಯ ನೀರಿಗಿಂತ ಐದು ಡಿಗ್ರಿ ಹೆಚ್ಚಿದ್ದರೂ 24 ಡಿಗ್ರಿ ಏರಿಸುವ ಬದಲು 19 ಏರಿಸಿದರಾಯಿತು. ಮನೆಯಲ್ಲೇ ಇರುವ ಅಜ್ಜ-ಅಜ್ಜಿ, ಸಣ್ಣ ಮಕ್ಕಳ ಸ್ನಾನವನ್ನು ಮಧ್ಯಾಹ್ನ ಒಂದರಿಂದ ಮೂರರೊಳಗೆ ಇಟ್ಟುಕೊಂಡರೆ ಇನ್ನೂ ಲೇಸು.

ಗೀಸರ್ ಇರುವವರಿಗೆ: 15 ಲೀಟರ್, 2000 ವ್ಯಾಟ್‌ನ ಗೀಸರ್ 20 ಡಿಗ್ರಿಯ ನೀರನ್ನು 60ಕ್ಕೆ ತರಲು ಇಪ್ಪತ್ತೊಂದು ನಿಮಿಷ, 0.7 ಯೂನಿಟ್ ಸಾಕು. ಆ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಎರಡು ಬಕೆಟ್. ಹಾಗಾಗಿ ಇಪ್ಪತ್ತು ನಿಮಿಷ ಹಾಕಿ, ಆರಿಸಿ, ಇಬ್ಬರು ಒಬ್ಬರ ಹಿಂದೊಬ್ಬರು ಮೀಯಲಿ. ಮತ್ತೆ ಇಪ್ಪತ್ತು ನಿಮಿಷ, ಮತ್ತಿಬ್ಬರು.

ಬೋರ್‌ವೆಲ್ ಗಡಸು ನೀರಿನ ಊರುಗಳಲ್ಲಿ ಗೀಸರ್ ಒಳಗೆ ಸುಣ್ಣದ ಪರೆ ಕಟ್ಟುತ್ತದೆ. ಕಾಯಲು ಹೊತ್ತು ಹಿಡಿಯುವುದು, ಒಳಗೆ ಗೊರಗೊರ ಸದ್ದು ಇದರ ಗುರುತು. ಚಳಿಗಾಲದ ಮೊದಲು ಬಿಚ್ಚಿಸಿ. ಕಾಯಿಲ್‌ಅನ್ನು ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ತಾಸು ನೆನೆಸಿದರೆ ಪರೆ ಬಿಡುತ್ತದೆ. ಚಾಕುವಿನಿಂದ ಕೆರೆಯಬೇಡಿ, ಕವಚ ಗೀರಿ ಕರೆಂಟ್ ನೀರಿಗೆ ಇಳಿಯುತ್ತದೆ. ಪಕ್ಕದಲ್ಲಿ ಮೆಗ್ನೀಸಿಯಂ ಸರಳೊಂದು ಇರುತ್ತದೆ, ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಅರ್ಧಕ್ಕಿಂತ ಕರಗಿದ್ದರೆ ಬದಲಿಸಿ, ತೊಟ್ಟಿ ತೂತಾದ ಮೇಲೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. ರಬ್ಬರ್ ವಾಷರ್ ಹೊಸದೇ ಹಾಕಿ. ಕೂಡಿಸಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು, ಧಾರೆ ಕಡಿಯದೆ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಗೀಸರ್‌ನ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಹೀಟರ್ ಕಡ್ಡಿ ಅಗ್ಗ, ಅಪಾಯವೂ ಅದರದ್ದೇ ಹೆಚ್ಚು. 1500 ವ್ಯಾಟ್‌ನದು 15 ಲೀಟರ್ ನೀರನ್ನು 20ರಿಂದ 45ಕ್ಕೆ ತರಲು ಹದಿನೇಳು-ಹದಿನೆಂಟು ನಿಮಿಷ. ದಪ್ಪ ಪ್ಲಾಸ್ಟಿಕ್ ಬಕೆಟ್‌ಗೆ ಅಡ್ಡ ಕಟ್ಟಿಗೆ ಇಟ್ಟು ಕಡ್ಡಿಯನ್ನು ನಡುವೆ ತೂಗುಹಾಕಿ. ಅಂಚಿಗೆ ತಾಗಿದರೆ ಬಕೆಟ್ ಕರಗುತ್ತದೆ. ಸ್ಟೀಲ್, ಅಲ್ಯುಮಿನಿಯಂ ಬಕೆಟ್ ಕೂಡದು, ಕಡ್ಡಿ ಒಡೆದಿದ್ದರೆ ಬಕೆಟ್ಟೇ ಶಾಕ್ ಹೊಡೆಯುತ್ತದೆ. ನೀರಲ್ಲಿ ಮುಳುಗಿಸಿದ ಮೇಲೆ ಸ್ವಿಚ್ ಹಾಕುವುದು, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆ ನೀರು ಮುಟ್ಟುವುದು. ಬೆರಳದ್ದಿ ಬಿಸಿ ನೋಡುವ ಅಭ್ಯಾಸವೇ ಪ್ರಾಣ ತೆಗೆಯುವುದು. 16 ಆಂಪಿಯರ್‌ನ ಮೂರು ಪಿನ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸಾಕೆಟ್ ಕಂದು ತಿರುಗಿದ್ದರೆ ಒಳಗೆ ತಂತಿ ಸಡಿಲವಾಗಿದೆ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇದ್ದರೆ ಅದರ ಪರೀಕ್ಷಾ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡಿ, ಇಲ್ಲದಿದ್ದರೆ ಈ ವರ್ಷದ ದೊಡ್ಡ ಖರ್ಚು ಅದೇ ಆಗಲಿ, 30 ಮಿಲಿ ಆಂಪಿಯರ್‌ನದು. ಇನ್ನೊಂದು, ನವೆಂಬರ್‌ನಿಂದ ಮಣ್ಣು ಒಣಗುತ್ತದೆ, ಒಣ ಮಣ್ಣಲ್ಲಿ ಅರ್ಥಿಂಗ್ ಸೊರಗುತ್ತದೆ. ಅರ್ಥಿಂಗ್ ಗುಂಡಿಗೆ ವಾರಕ್ಕೆ ಎರಡು ಬಕೆಟ್ ನೀರು ಹೊಯ್ಯಿರಿ.

ಗ್ಯಾಸ್ ಒಲೆಯ ಮೇಲೆ ಕಾಯಿಸುವುದು ಅಗ್ಗವೋ ದುಬಾರಿಯೋ? 14.2 ಕಿಲೋ ಸಿಲಿಂಡರ್ ಪೂರ್ತಿ ನೀರು ಕಾಯಿಸಲೆಂದೇ ಉರಿಸಿದರೆ ನೀರಿಗೆ ಇಳಿಯುವ ಶಾಖ ಸುಮಾರು 110 ಯೂನಿಟ್ ಕರೆಂಟಿಗೆ ಸಮ. ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 110ರಿಂದ ಭಾಗಿಸಿ, ಬಂದದ್ದನ್ನು ಕರೆಂಟ್ ಬಿಲ್ಲಿನ ಯೂನಿಟ್ ದರದ ಪಕ್ಕ ಇಟ್ಟು ನೋಡಿ. ಪಾತ್ರೆಗೆ ಮುಚ್ಚಳ ಇಲ್ಲದಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ಬಚ್ಚಲ ಒಲೆಯಲ್ಲಿ ಹಂಡೆ ಇರುವ ಹಳ್ಳಿಮನೆಯವರಿಗೆ ಇದಾವುದರ ಗೋಜಿಲ್ಲ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಹೋದ ವರ್ಷದ್ದು ಒಣಗಿ ನಿಂತಿರಬೇಕು. ಈ ವರ್ಷದ ತೊಗರಿ ಕೊಯ್ಲಾಗುವುದೇ ಡಿಸೆಂಬರ್-ಜನವರಿಗೆ, ಹಸಿ ಕಟ್ಟಿಗೆ ಅರ್ಧ ಬಿಸಿಯನ್ನು ತನ್ನ ನೀರಿಗೇ ತಿನ್ನುತ್ತದೆ. ಕುಳ್ಳನ್ನು ಇಬ್ಬನಿ ತಾಗದ ಕಡೆ ಒಟ್ಟಿ. ಹಂಡೆಯ ತಳಕ್ಕೆ ಒಲೆ ಹಚ್ಚುವ ಮುನ್ನ ತೆಳುವಾಗಿ ಮಣ್ಣು-ಬೂದಿ ಬಳಿದಿದ್ದರೆ ಕಾಡಿಗೆ ಸುಲಭ ಬಿಡುತ್ತದೆ. ದಪ್ಪ ಕಾಡಿಗೆಯ ಮೇಲೆ ಉರಿದ ಬೆಂಕಿ ದಂಡ. ಸೋಲಾರ್ ಇದ್ದವರು ಗಾಜಿನ ಕೊಳವೆಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬೆಳ್ಳಂಬೆಳಗ್ಗೆ ಒರೆಸಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು. ಪೈಪಿನಲ್ಲಿ ಮೊದಲು ಬರುವ ತಣ್ಣೀರನ್ನು ಪಾತ್ರೆ ತೊಳೆಯಲು ಹಿಡಿದಿಡಿ.

ಕೆಂಡ, ಗ್ಯಾಸ್ ಗೀಸರ್, ಮುಚ್ಚಿದ ಬಾಗಿಲು

ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲ ಬರುತ್ತದೆ. ಹೊಗೆ ಇಲ್ಲದ ಕೆಂಡ ಸುರಕ್ಷಿತ ಎಂಬ ನಂಬಿಕೆಯೇ ಮುಳುವು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು, ನಿದ್ದೆಯಲ್ಲಿದ್ದರೆ ಮೊದಲ ಮೂರೂ ತಿಳಿಯುವುದಿಲ್ಲ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ರೂಢಿ ಇರುವ ಮನೆಗಳಲ್ಲಿ ಹಿರಿಯರಿಗೆ ಇದನ್ನು ತಾಳ್ಮೆಯಿಂದ ತಿಳಿಸಿ ಹೇಳಬೇಕು. ಕೂಸಿನ ಕೋಣೆಗೆ ಕೆಂಡ ಬೇಡ, ಲೋಬಾನದ ಹೊಗೆಯೂ ಬೇಡ. ಬೆಚ್ಚಗೆ ಬೇಕೆಂದರೆ ಬಿಸಿನೀರಿನ ರಬ್ಬರ್ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮಲಗುವ ಅರ್ಧ ತಾಸು ಮುಂಚೆ ಹಾಸಿಗೆಯಲ್ಲಿಟ್ಟು, ಮಲಗುವಾಗ ತೆಗೆಯಿರಿ.

ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೆ ಇದ್ದರೆ ಹೊರಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಒಂದು ಹಾದಿ ಇದೆ: ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಗೀಸರ್ ಉರಿಯುತ್ತಿರುವಾಗ ಒಳಗೆ ಚಿಲಕ ಹಾಕಕೂಡದು. ಯಾರಾದರೂ ಒಳಗೆ ತಲೆ ತಿರುಗಿ ಬಿದ್ದರೆ ಮೊದಲು ಬಾಗಿಲು ತೆರೆದು, ಹೊರಗಿನ ಗಾಳಿಗೆ ಎಳೆದು ತಂದು, ತಕ್ಷಣ 108ಕ್ಕೆ ಕರೆ ಮಾಡಿ.

ಅಡುಗೆಮನೆಯ ಒಂದೆರಡು ಮಾತು

ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಎಂಟು ತಾಸಿಗೆ ಉಬ್ಬಿದರೆ ಈಗ ಹನ್ನೆರಡರಿಂದ ಹದಿನಾಲ್ಕು ಬೇಕು. ರುಬ್ಬುವಾಗ ಬೆಚ್ಚನೆ ನೀರು ಹಾಕಿ, ಪಾತ್ರೆಗೆ ಕಂಬಳಿ ಸುತ್ತಿಡಿ. ಹಾಲು ಬೆರಳಿಗೆ ಸುಡದಷ್ಟು ಬಿಸಿ ಇರುವಾಗಲೇ, ಬೇಸಿಗೆಯ ಎರಡರಷ್ಟು ಹೆಪ್ಪು ಹಾಕಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದು ಸಹಜ, ಕೆಟ್ಟಿದೆಯೆಂದು ಎಸೆಯಬೇಡಿ.

ಊಟಕ್ಕೆ ಈ ಕಾಲ ಅಗ್ಗದ್ದೇ. ಅವರೆ, ಮೆಂತ್ಯ, ಹಕ್ಕರಿಕಿ, ಕಡಲೆ ಸೊಪ್ಪು ಸಂತೆಯಲ್ಲಿ ರಾಶಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಅಥವಾ ಅಗಸಿ ಚಟ್ನಿ ಇದ್ದರೆ ದುಬಾರಿ ಅಂಟಿನುಂಡಿ ಇಲ್ಲದೆಯೂ ನಡೆಯುತ್ತದೆ. ಕಾಲು ಕಿಲೋ ಅಗಸಿಗೆ ಹದಿನೈದು ಒಣಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಚೂರು ಹುಣಸೆಹಣ್ಣು, ಉಪ್ಪು. ಅಗಸಿ ಸಣ್ಣ ಉರಿಯಲ್ಲಿ ಚಟಪಟ ಎನ್ನುವುದು ನಿಲ್ಲುವ ಹೊತ್ತಿಗೆ ಇಳಿಸಬೇಕು, ಅಲ್ಲಿಂದ ಒಂದು ನಿಮಿಷ ತಡವಾದರೂ ಕಹಿ. ತಣಿದ ಮೇಲೆಯೇ ಕುಟ್ಟಿ, ಬಿಸಿಯಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಮೈ, ಬಟ್ಟೆ, ಮಕ್ಕಳು

ಹಿಮ್ಮಡಿ ಒಡೆಯಲು ಚಳಿಯಷ್ಟೇ ಸುಡುನೀರೂ ಸೋಪೂ ಕಾರಣ. ಮಿಂದು ಮೈ ಪೂರ್ತಿ ಒಣಗುವ ಮುನ್ನ ಎಣ್ಣೆ ಹಚ್ಚಿ. ಒಡಕಿಗೆ 100 ಮಿಲಿ ಎಳ್ಳೆಣ್ಣೆಗೆ 25 ಗ್ರಾಂ ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಡಬ್ಬಿಗೆ ಸುರಿದರೆ ಮುಲಾಮು ಸಿದ್ಧ. ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಳ್ಳಬೇಕು.

ಚಳಿಗಾಲದಲ್ಲಿ ನಗರಗಳ ರಸ್ತೆಬದಿಗೆ ಬರುವ ಟಿಬೆಟಿಯನ್ ಸ್ವೆಟರ್ ಅಂಗಡಿಗಳಲ್ಲಿ ಮಕ್ಕಳಿಗೆ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ, ತೋಳು ಮಡಚಿದರೆ ಎರಡು ವರ್ಷ ಬರುತ್ತದೆ. ಬೈಕಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬರೀ ಸ್ವೆಟರ್ ಸಾಲದು, ಹೆಣೆದ ಬಟ್ಟೆಯಲ್ಲಿ ಗಾಳಿ ನೇರ ತೂರುತ್ತದೆ. ಅದರ ಮೇಲೆ ಮಳೆಗಾಲದ ಜಾಕೆಟ್ಟೇ ತೊಡಿಸಿ, ಹೊಸದು ಬೇಕಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ದಪ್ಪ ಕೌದಿ ಹೊದಿಸಬೇಡಿ, ಮುಖದ ಮೇಲೆ ಜಾರಿದರೆ ಸರಿಸಿಕೊಳ್ಳಲು ಅದಕ್ಕೆ ಬಾರದು. ನೀವು ತೊಟ್ಟದ್ದಕ್ಕಿಂತ ಒಂದು ಬಟ್ಟೆ ಹೆಚ್ಚು ತೊಡಿಸಿ. ಕೂಸು ತಣ್ಣಗಾಗಿದೆಯೇ ಎಂದು ನೋಡುವುದು ಎದೆ ಮತ್ತು ಕತ್ತಿನ ಹಿಂಭಾಗ ಮುಟ್ಟಿ, ಕೈಬೆರಳಲ್ಲ.

ತೆಗೆದಿಡುವಾಗ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದಂತೆ. ಚಳಿ ಹೋದ ವಾರವೇ ಕೌದಿ ಒಗೆದು ಹಾಕಿ. ನೆನೆದ ಕೌದಿ ಒಬ್ಬರ ಕೈಗೆ ಎತ್ತಲಾಗದು. ಹಿಂಡಲು ಹೋದರೆ ಸಾಲು ಕಡಿಯುತ್ತದೆ. ಕಟ್ಟೆಯ ಮೇಲೆ ಹರಡಿ ನೀರು ಇಳಿಯಬಿಟ್ಟು, ಆಮೇಲೆ ಎರಡು ಹಗ್ಗದ ಮೇಲೆ ಭಾರ ಹಂಚಿ ಒಣಹಾಕಿ. ಕಂಬಳಿಯನ್ನು ಬಿಸಿನೀರಿಗೆ ಹಾಕಬೇಡಿ, ಕುಗ್ಗುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ಪೂರ್ತಿ ಒಣಗಿದ್ದನ್ನು ಮಡಿಕೆಯ ನಡುವೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಇಟ್ಟು ಹಳೆ ಹತ್ತಿ ಸೀರೆಯಲ್ಲಿ ಗಂಟು ಕಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲಕ್ಕೆ ಬೂಸರು. ಎಲೆಯನ್ನು ಮಳೆ ಶುರುವಾಗುವ ಮುನ್ನ ಒಮ್ಮೆ ಬದಲಿಸಿ, ಉಣ್ಣೆ ತಿನ್ನುವ ಹುಳು ಮೊಟ್ಟೆಯಿಟ್ಟಿದ್ದರೆ ಮಡಿಕೆಯಲ್ಲಿ ಆಗಲೇ ಕಾಣುತ್ತದೆ.